ಸಣ್ಣ ಬಾಗಿಲಿನ ಪಿಕಪ್

ಕೋಡಿ, ಕುಂದಾಪುರ
12-11-2002

ಪ್ರೀತಿಯ ತಮ್ಮ ಶೈಲೇಶನಿಗೆ ಅಕ್ಕ ಕಮಲಳ ಆಶೀರ್ವಾದ.

ನಾವು ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದಿ ಎಂದು ಫೋಟೋ ನೋಡಿದರೇ ಗೊತ್ತಾಗುತ್ತದೆ. ಆದ್ದರಿಂದ ಅದನ್ನೆಲ್ಲ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ನೀನು ಮಸ್ಕತ್ತಿನಿಂದ ಕಳಿಸಿದ ಫೋಟೋದಲ್ಲಿ ನಿನ್ನ ಮುಖವನ್ನು ನಾನು ಒಂದೇ ಸಲ ನೋಡಿದ್ದು, ಬೇಜಾರು ಮಾಡಿಕೊಳ್ಳಬೇಡ. ನೀನು ಒರಗಿ ನಿಂತಿರುವ ಆ ಬಿಳಿ ಪಿಕಪ್ಪಿಗೆ ಡ್ರೈವರಿನ ಬಾಗಿಲಿನ ಹಿಂದೆ ಇನ್ನೊಂದು ಸಣ್ಣ ಬಾಗಿಲಿದೆಯಲ್ಲ, ಅದು ಯಾಕೆ? ನಮ್ಮೂರಿನ ಪಿಕಪ್ಪಿಗೆ ಮುಂದೆ ಇಬ್ಬರು ಕೂರುವ ಕ್ಯಾಬಿನ್ನು, ಅದರ ಬೆನ್ನಿಗೇ ಸಾಮಾನಿನ ಬಾಡಿ. ನಡುವೆ ಸೊಳ್ಳೆಗೂ ಜಾಗವಿಲ್ಲ. ನಿನ್ನ ಗಾಡಿಯಲ್ಲಿ ಸೀಟಿನ ಹಿಂದೆ ಏನೋ ಇದೆ. ಅಲ್ಲಿ ಚೀಲ ಇಡುತ್ತಾರೋ, ಮನುಷ್ಯರು ಕೂರುತ್ತಾರೋ? ಕೂರುವುದಾದರೆ ಕಾಲನ್ನು ಎಲ್ಲಿ ಇಡುತ್ತಾರೆ?

ಕೇಳುವುದು ಪದ್ದು ದೊಡ್ಡಮ್ಮನಿಗಾಗಿ. ಅವಳು ಬಿದ್ದ ಸುದ್ದಿಯನ್ನು ಫೋನಿನಲ್ಲಿ ಅರ್ಧ ಮಾತ್ರ ಹೇಳಿದ್ದೆವು. ಬಸ್ಸಿನವರು ಮೀನು ಬುಟ್ಟಿ ಹತ್ತಿಸುವುದಿಲ್ಲ ಎಂದ ಮೇಲೆ ದೊಡ್ಡಮ್ಮ, ಸುಗುಣ, ರತ್ನ, ನಾನು ನಾಲ್ವರೂ ಬಾಡಿಗೆ ಟೆಂಪೋದ ಹಿಂದೆ ಬುಟ್ಟಿಗಳ ನಡುವೆ ನಿಂತು ಹೋಗುತ್ತಿದ್ದೆವಲ್ಲ, ಕಂಡ್ಲೂರಿನ ತಿರುವಿನಲ್ಲಿ ಅವಳು ಕೆಳಗೆ ಬಿದ್ದಳು. ಮುರಿದ ಕಾಲು ಕೂಡಿದೆ, ಮಂಡಿ ಮಾತ್ರ ಮಡಚುವುದಿಲ್ಲ. ಕೋಲು ಊರಿಕೊಂಡು ಅಂಗಳ ಸುತ್ತುತ್ತಾಳೆ, ಬೆಳಗಿನಿಂದ ರಾತ್ರಿವರೆಗೆ ನಮ್ಮನ್ನೆಲ್ಲ ಬಯ್ಯುತ್ತಾಳೆ. ಬಯ್ಯುವಷ್ಟು ದಿನ ನನಗೆ ಹೆದರಿಕೆಯಿಲ್ಲ.

ಗುಲ್ವಾಡಿ ಅವಳು ಮೀನು ಮಾರುವ ಊರು. ಅಮ್ಮ ತೀರಿದ ಮೇಲೆ ನಮ್ಮಿಬ್ಬರಿಗೂ ಗಂಜಿ ಹಾಕಿದ್ದು ಆ ಗುಲ್ವಾಡಿಯ ಮೀನೇ. ನಮ್ಮ ಕಟ್ಟಳೆ ನಿನಗೆ ಮರೆತಿದ್ದರೆ ಹೇಳುತ್ತೇನೆ. ಒಬ್ಬಳು ಮೀನು ಮಾರುವ ಊರಿಗೆ ಇನ್ನೊಬ್ಬಳು ಬುಟ್ಟಿ ಒಯ್ಯುವ ಹಾಗಿಲ್ಲ. ಆದರೆ ಮಳೆಗಾಲದ ಮೀನುಗಾರಿಕೆಯ ರಜೆ ಕಳೆದು, ಸಮುದ್ರಪೂಜೆಯ ಮಾರನೇ ದಿನದ ಮೊದಲ ಮೀನಿಗೆ ಅವಳೇ ಹೋಗಿ ಕೂಗದಿದ್ದರೆ ಆ ಊರು ಬಿಟ್ಟುಕೊಟ್ಟ ಹಾಗೆ. ಬದಲಿಗೆ ತಂಗಿಯ ಮಗಳು ನಾನು ಹೋದರೆ ಲೆಕ್ಕಕ್ಕಿಲ್ಲ. ಸಮುದ್ರಪೂಜೆ ನೂಲಹುಣ್ಣಿಮೆಗೆ. ಅಂದರೆ ಬರುವ ನೂಲಹುಣ್ಣಿಮೆಯೊಳಗೆ ದೊಡ್ಡಮ್ಮ ಗುಲ್ವಾಡಿಗೆ ಹೋಗುವಂತಾಗಬೇಕು. ಟೆಂಪೋದ ಹಿಂದೆ ಅವಳನ್ನು ನಿಲ್ಲಿಸಲಾರೆ. ಮುಂದಿನ ಸೀಟಿಗೆ ಅವಳ ಕಾಲು ಏರುವುದಿಲ್ಲ, ಏರಿದರೂ ಗೇರಿಗೆ ಅಡ್ಡ. ರಿಕ್ಷಾದಲ್ಲಿ ಚಾಚಿದ ಕಾಲು ಹೊರಗೇ ಉಳಿಯುತ್ತದೆ.

ಈಗ ಸುದ್ದಿ ಕೇಳು. ಬೈಂದೂರಿನ ಐಸ್ ಪ್ಲಾಂಟಿನವರ ಪಿಕಪ್ಪಿನ ಮೇಲೆ ಈ ಮಳೆಗಾಲ ತೆಂಗಿನಮರ ಬಿದ್ದು ಕ್ಯಾಬಿನ್ನು ಅಪ್ಪಚ್ಚಿಯಾಗಿದೆ. ಇಂಜಿನ್ನು, ಚಾಸಿ ಗಟ್ಟಿ. ನಮ್ಮ ಹೆಂಗಸರ ಸಂಘದಿಂದ ಅದನ್ನು ಕೊಳ್ಳುವ ಮಾತಾಗಿದೆ. ಹೇಗೂ ಹೊಸ ಕ್ಯಾಬಿನ್ನು ಕಟ್ಟಿಸಲೇಬೇಕು. ಕಟ್ಟಿಸುವುದಾದರೆ ನಿನ್ನ ಫೋಟೋದ ಹಾಗೇ ಯಾಕೆ ಕಟ್ಟಿಸಬಾರದು? ಆ ಯೋಚನೆ ಹೊಕ್ಕ ಮೇಲೆ ನನಗೆ ಅನ್ನ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ. ಬೇಗ ಬರೆ, ಚಿತ್ರ ಸಮೇತ.

ಡ್ರೈವರ್ ಯಾರು ಎಂದು ಮಾತ್ರ ಕೇಳಬೇಡ. ಅದಕ್ಕೆ ವ್ಯವಸ್ಥೆ ಆಗುತ್ತಿದೆ.

ಕಮಲ


ರೂವಿ, ಮಸ್ಕತ್
26-11-2002

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಬಂದ ಸಂಜೆಯೇ ಗ್ಯಾರೇಜಿನಲ್ಲಿ ಆ ಬಿಳಿ ಗಾಡಿಯೊಳಗೆ ಹೊಕ್ಕೆ. ಅದು ನಮ್ಮ ಅರ್ಬಾಬನದು, ಅಂದರೆ ಯಜಮಾನನದು. ಅವನು ಬಂದು ನೋಡುವಾಗ ನಾನು ಹಿಂದಿನ ಜಾಗದಲ್ಲಿ ಮಂಡಿಯ ಮೇಲೆ ಗಲ್ಲ ಊರಿ, ಬಾಯಲ್ಲಿ ಟೇಪು ಕಚ್ಚಿಕೊಂಡು ಕೂತಿದ್ದೆ. ಬಿಸಿಲಿಗೆ ತಲೆ ಕೆಟ್ಟಿದೆ ಎಂದು ಎರಡು ಬಾಟಲಿ ನೀರು ಕೊಡಿಸಿದ.

ಅಕ್ಕ, ಇದು ಬಹಳ ಚಂದದ ಯೋಚನೆಯ ಗಾಡಿ. ದಿನಾ ಇದರ ತಗಡು ತಟ್ಟಿದರೂ ನೀನು ಕೇಳುವವರೆಗೆ ನಾನೇ ಸರಿಯಾಗಿ ನೋಡಿರಲಿಲ್ಲ. ಎರಡು ಬಾಗಿಲಿನ ಪಿಕಪ್ಪಿನಲ್ಲಿ ಜನಕ್ಕೆ ಜಾಗ ಸಾಲದು, ನಾಲ್ಕು ಬಾಗಿಲಿನದಾದರೆ ಸಾಮಾನಿಗೆ ಸಾಲದು. ಇದು ಎರಡರ ನಡುವಿನದು. ಗಾಡಿಯ ಉದ್ದ ಹೆಚ್ಚಿಸುವುದೇ ಇಲ್ಲ. ಕ್ಯಾಬಿನ್ನಿನ ಹಿಂದಿನ ಗೋಡೆಯನ್ನು ಎರಡು ಮೂರು ಗೇಣು ಹಿಂದಕ್ಕೆ ತಳ್ಳುತ್ತಾರೆ, ಸಾಮಾನಿನ ಬಾಡಿ ಅಷ್ಟು ಗಿಡ್ಡವಾಗುತ್ತದೆ. ಬುಟ್ಟಿಗಳನ್ನು ಒಂದು ಸಾಲು ಕಡಿಮೆ ಇಟ್ಟರಾಯಿತು, ಇಬ್ಬರು ಮಳೆ ಬಿಸಿಲು ತಾಗದೆ ಒಳಗೆ ಕೂರಬಹುದು. ಕೂರುವುದು ಮಡಚುವ ಹಲಗೆಯ ಮೇಲೆ. ಎದ್ದರೆ ಟಾಕೀಸಿನ ಕುರ್ಚಿಯ ಹಾಗೆ ಗೋಡೆಗೆ ಅಂಟಿಕೊಳ್ಳುತ್ತದೆ.

ಇನ್ನು ನಿನ್ನ ಸಣ್ಣ ಬಾಗಿಲು. ಅದು ಡ್ರೈವರಿನ ಬದಿಗೆ ಮಾತ್ರ, ಹೊರಗಿನಿಂದ ಹಿಡಿಕೆಯೇ ಇಲ್ಲ. ಮುಂದಿನ ಬಾಗಿಲು ತೆರೆದ ಮೇಲೆ ಇದರ ಅಂಚಿನಲ್ಲಿ ಒಂದು ಕೊಕ್ಕೆ ಕಾಣುತ್ತದೆ, ಎಳೆದರೆ ಬಾಗಿಲು ಹಿಂದಕ್ಕೆ ತೆರೆಯುತ್ತದೆ. ವಿಜಾಗರಿ ಹಿಂಬದಿಗೆ. ಹೀಗಾಗಿ ಓಡುವ ಗಾಡಿಯಲ್ಲಿ ಹಿಂದೆ ಕೂತವರು ಅಪ್ಪಿತಪ್ಪಿ ಬಾಗಿಲು ತೆಗೆದು ಬೀಳುವ ಭಯವಿಲ್ಲ. ಎರಡೂ ತೆರೆದರೆ ನಡುವೆ ಕಂಬವೇ ಇಲ್ಲ, ಕಪಾಟು ತೆರೆದ ಹಾಗೆ. ದೊಡ್ಡಮ್ಮ ಮೊದಲು ಕೂತು, ಆಮೇಲೆ ಕಾಲನ್ನು ಹಾಗೆಯೇ ಒಳಗೆ ಎಳೆದುಕೊಳ್ಳಬಹುದು. ಗುಲ್ವಾಡಿಯಲ್ಲಿ ಅವಳು ಇಳಿಯಲೂ ಬೇಡ. ಬಾಗಿಲು ತೆರೆದು ಕೂತಲ್ಲೇ ತೂಗಿ ಕೊಡಬಹುದು. ಕಂಬ ಇಲ್ಲದ್ದಕ್ಕೆ ತಳಕ್ಕೂ ಮೇಲಿನ ಮಾಡಿಗೂ ದಪ್ಪ ಕಬ್ಬಿಣದ ಚಾನೆಲ್ ಹಾಕಬೇಕು, ಇಲ್ಲದಿದ್ದರೆ ನಮ್ಮ ರಸ್ತೆಯ ಹೊಂಡಕ್ಕೆ ಬಾಗಿಲು ಬಿಗಿದುಕೊಳ್ಳುತ್ತದೆ. ಹಿಂದಿನ ಗೋಡೆಗೆ ಸರಿಸುವ ಗಾಜು ಇಡಿಸು. ಬುಟ್ಟಿಯ ಮೇಲೆ ಕಣ್ಣಿಡದೆ ನೀವ್ಯಾರೂ ನೆಮ್ಮದಿಯಿಂದ ಕೂರುವವರಲ್ಲ.

ನಿನ್ನ ಕಾಗದವನ್ನು ಇಡೀ ರೂಮಿಗೆ ಓದಿ ಹೇಳಿದೆ. ಗಂಗೊಳ್ಳಿಯ ಚಂದ್ರನಂತೂ ಗಾಡಿಗೆ ‘ಸಣ್ಣ ಬಾಗಿಲು’ ಎಂದು ಹೆಸರೂ ಇಟ್ಟಾಯಿತು. ಬಾಗಿಲಿನ ಚಿತ್ರ ಇದರ ಜೊತೆಗಿದೆ. ಪೂರ್ತಿ ನಕ್ಷೆ ಬರೆಯಬೇಕಾದರೆ ಡ್ರೈವರಿನ ಸೀಟು ಎಲ್ಲಿ ಬರುತ್ತದೆ ಎಂದು ಮೊದಲು ಗೊತ್ತಾಗಬೇಕು. ಅದು ಹಿಂದೆ ಸರಿದಷ್ಟೂ ದೊಡ್ಡಮ್ಮನಿಗೆ ಇಕ್ಕಟ್ಟು. ಬಿಡುವವರು ಗೋವರ್ಧನ ಭಾವನೇ ಅಲ್ಲವೇ? ಅವರ ಕಾಲಿನ ಅಳತೆ ಕಳಿಸು.

ಶೈಲೇಶ


ಕೋಡಿ
14-12-2002

ಪ್ರೀತಿಯ ಶೈಲೇಶ,

ಮೊದಲು ಒಂದು ಮಾತು. ನನ್ನ ಕಾಗದವನ್ನು ರೂಮಿಗೆ ಓದಿ ಹೇಳಬೇಡ. ನೀನು ಓದಿದ್ದು ಶುಕ್ರವಾರ ಚಂದ್ರನ ಫೋನಿನಲ್ಲಿ ಗಂಗೊಳ್ಳಿಗೆ ಬಂದು, ಶನಿವಾರ ದೋಣಿ ದಾಟಿ ಕೋಡಿಗೆ ಮುಟ್ಟಿತು. ನಿನ್ನ ಕಾಗದ ನನಗೆ ಸಿಕ್ಕಿದ್ದು ಅದಾಗಿ ನಾಲ್ಕು ದಿನಕ್ಕೆ. ಗಾಡಿಯ ಹೆಸರು ನನಗಿಂತ ಮೊದಲು ಮೀನು ಕೊಯ್ಯುವ ಹೆಂಗಸರಿಗೆ ಗೊತ್ತಿತ್ತು.

ಗಾಡಿ ನಮ್ಮದಾಯಿತು. ಬೈಂದೂರಿನಿಂದ ಹಗ್ಗ ಕಟ್ಟಿ ಎಳೆದು ತರುವಾಗ ದಾರಿಯಲ್ಲಿ ಎಲ್ಲರೂ ಅಪಘಾತ ಎಂದುಕೊಂಡು ಅಯ್ಯೋ ಪಾಪ ಎಂದರು. ಹಿಂದೆ ರಿಕ್ಷಾದಲ್ಲಿ ನಾವು ಮೂವರು ಹಲ್ಲು ಕಿರಿದುಕೊಂಡು ಬರುವುದನ್ನು ನೋಡಿ ಅವರಿಗೆ ತಲೆಬುಡ ತಿಳಿಯಲಿಲ್ಲ. ಈಗ ಅದು ಸಾಲಿಗ್ರಾಮದಲ್ಲಿ ವಿಷ್ಣುಮೂರ್ತಿ ಆಚಾರ್ರ ಶೆಡ್ಡಿನಲ್ಲಿದೆ. ಬಸ್ಸಿನ ಬಾಡಿ, ಲಾರಿಯ ಬಾಡಿ ಕಟ್ಟಿ ಹೆಸರು ಮಾಡಿದವರು. ನಿನ್ನ ಕಾಗದವನ್ನು ಕನ್ನಡಕ ಹಾಕಿ ಓದಿದರು, ತೆಗೆದು ಓದಿದರು, ಆಮೇಲೆ ಬಾಗಿಲಿನ ಚಿತ್ರವನ್ನು ತಲೆಕೆಳಗು ಮಾಡಿ ನೋಡಿದರು. ನಾನು ಇವರಿಂದ ಆಗಲಿಕ್ಕಿಲ್ಲ ಎಂದು ಏಳುವುದರಲ್ಲಿದ್ದೆ. ಆಗ ಹೇಳಿದರು, “ಹಿಂದೆ ತೆರೂ ಬಾಗ್ಲ್ ನಾ ಈವರೆಗೆ ಮಾಡ್ಲಿಲ್ಲೆ. ಮಾಡದ್ದ್ ಮಾಡುಕೇ ಗಮ್ಮತ್ತ್.” ಬ್ರಹ್ಮಾವರದಿಂದ ಚಾನೆಲ್ ತರಿಸಲು ಅವತ್ತೇ ಹೇಳಿಯೂ ಆಯಿತು.

ಅಳತೆ ಈ ಲಕೋಟೆಯಲ್ಲೇ ಇದೆ. ಬಲೆ ಕಟ್ಟುವ ಮನೆಯವರಿಗೆ ಟೇಪು ಯಾಕೆ? ಬಿಳಿ ನೂಲು ಡ್ರೈವರಿನದು. ಮೊದಲ ಗಂಟಿನಿಂದ ಎರಡನೆಯದರವರೆಗೆ ಸೊಂಟದಿಂದ ಮಂಡಿ, ಅಲ್ಲಿಂದ ಮೂರನೆಯದಕ್ಕೆ ಮಂಡಿಯಿಂದ ಹಿಮ್ಮಡಿ. ಕೆಂಪು ನೂಲು ದೊಡ್ಡಮ್ಮನ ಕಾಲು, ಚಾಚಿದ ಹಾಗೇ ಪೂರ್ತಿ. ಅಳೆಯುವಾಗ, ನನ್ನನ್ನು ಈಗಲೇ ಅಳೆಯುತ್ತೀಯಾ, ಚಟ್ಟ ಕಟ್ಟಿಸುತ್ತೀಯಾ ಎಂದು ಬೈದಳು. ಬೈದರೂ ಕಾಲನ್ನು ಅಲುಗಿಸಲಿಲ್ಲ.

ನೂಲಿನಲ್ಲಿ ತಪ್ಪಿಲ್ಲ. ಇದ್ದ ಹಾಗೆ ಅಳೆದು ನಕ್ಷೆ ಬರೆ.

ಕಮಲ


ರೂವಿ
05-01-2003

ಅಕ್ಕನಿಗೆ ನಮಸ್ಕಾರ.

ನಕ್ಷೆ ಕಳಿಸುತ್ತಿದ್ದೇನೆ, ಐದು ಹಾಳೆ. ಪಕ್ಕದಿಂದ, ಮೇಲಿನಿಂದ, ಬಾಗಿಲಿನ ಕೊಕ್ಕೆ ಬೇರೆ, ಮಡಚುವ ಹಲಗೆ ಬೇರೆ, ಚಾನೆಲ್ ಎಲ್ಲೆಲ್ಲಿ ಬರಬೇಕು ಎಂಬುದು ಬೇರೆ. ಇಷ್ಟು ಖುಷಿಯಿಂದ ನಾನು ಶಾಲೆಯಲ್ಲೂ ಚಿತ್ರ ಬರೆದವನಲ್ಲ. ಬಣ್ಣವನ್ನೂ ಹಚ್ಚಿದ್ದೇನೆ. ಹಸಿರು ನಿನಗೆ ಇಷ್ಟವಿಲ್ಲದಿದ್ದರೆ ಆಚಾರ್ರಿಗೆ ಹೇಳಿ ಬದಲಿಸು.

ನಿನ್ನ ಬಿಳಿ ನೂಲನ್ನು ಮಾತ್ರ ಬಿಟ್ಟೆ. ಗೋವರ್ಧನ ಭಾವ ನಿಂತರೆ ನಮ್ಮ ಮನೆಯ ಮಾಡು ತಲೆಗೆ ತಾಗುತ್ತದೆ. ನಿನ್ನ ನೂಲಿನ ಪ್ರಕಾರ ಅವರು ಮದುವೆಯಾದ ಮೇಲೆ ಒಂದು ಗೇಣು ಕುಗ್ಗಿದ್ದಾರೆ. ನಿನ್ನ ಜೊತೆ ಸಂಸಾರ ಮಾಡಿದವರು ಕುಗ್ಗುವುದು ಸಹಜವೇ, ಆದರೂ ಇಷ್ಟಲ್ಲ. ಎಲ್ಲೋ ಗಂಟು ತಪ್ಪಿ ಹಾಕಿದ್ದಿ. ಅವರೂ ನಾನೂ ಹೆಚ್ಚುಕಡಿಮೆ ಒಂದೇ ಎತ್ತರ, ಅದಕ್ಕೆ ನಾನೇ ಸೀಟಿನಲ್ಲಿ ಕೂತು ಅಳೆದೆ. ಆರಾಮವಾಗಿ ಕೂರುವಂತೆ ಬರೆದಿದ್ದೇನೆ. ಡ್ರೈವರ್ ಆರಾಮವಾಗಿದ್ದರೆ ಗಾಡಿ ಆರಾಮವಾಗಿರುತ್ತದೆ. ಹಾಗೆ ಮಾಡಿದಾಗ ದೊಡ್ಡಮ್ಮನ ಕೆಂಪು ನೂಲು ಪೂರ್ತಿ ಹಿಡಿಸುವುದಿಲ್ಲ. ಸ್ವಲ್ಪ ಓರೆಯಾಗಿ ಕೂತರೆ ಆದೀತು.

ಇಲ್ಲಿ ಸೀಟು ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಅಂಥ ಹಳಿ ಸಿಕ್ಕಿದರೆ ಹಾಕಿಸು.

ಸಂಬಳಕ್ಕೆ ಯಾರೋ ಗೊತ್ತಿಲ್ಲದ ಹುಡುಗನನ್ನು ಡ್ರೈವರ್ ಮಾಡಿಕೊಳ್ಳಬೇಡಿ. ಹೊಸ ಗಾಡಿ, ಹೊಸ ಬಾಗಿಲು, ತಿಳಿದವರ ಕೈಯಲ್ಲಿ ಇರಬೇಕು. ಅಂದ ಹಾಗೆ ಕುಂದಾಪುರದಿಂದ ಗುಲ್ವಾಡಿಗೆ ಈಗ ರಸ್ತೆ ಹೇಗಿದೆ? ಡಾಂಬರು ಬಂತೇ? ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡುತ್ತೀರಿ? ಸುಮ್ಮನೆ ಕೇಳಿದೆ. ನನ್ನ ಕಾಂಟ್ರಾಕ್ಟ್ ಆಗಸ್ಟಿಗೆ ಮುಗಿಯುತ್ತದೆ.

ಶೈಲೇಶ


ಕೋಡಿ
09-03-2003

ಶೈಲೇಶನಿಗೆ ಆಶೀರ್ವಾದ.

ಬಂಗುಡೆಯ ಕಾಲ, ಬರೆಯಲು ಪುರುಸೊತ್ತಿಲ್ಲ. ನಕ್ಷೆಯನ್ನು ಆಚಾರ್ರು ಗೋಡೆಗೆ ಅಂಟಿಸಿಕೊಂಡಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರೆ. ಆರ್.ಟಿ.ಒ.ದಲ್ಲಿ ಒಪ್ಪಿಗೆಯ ಅರ್ಜಿಯನ್ನೂ ಅವರೇ ಹಾಕಿಸಿದರು. ಕ್ಯಾಬಿನ್ನಿನ ಎಲುಬುಗೂಡು ಎದ್ದು ನಿಂತಿದೆ. ಹಿಂದಿನ ಬಾಗಿಲು ತೆರೆಯುವುದನ್ನು ನೋಡಿ ಸುಗುಣ ಚಪ್ಪಾಳೆ ತಟ್ಟಿದಳು. ಬಣ್ಣ ಹಸಿರೇ ಇರಲಿ.

ನೀನು ನೂಲು ಬಿಟ್ಟದ್ದು ಸರಿಯಲ್ಲ. ಹೆಚ್ಚು ಬರೆಯುವುದಿಲ್ಲ. ಹಳಿ ಸಿಕ್ಕಿದರೆ ಸರಿಹೋಗುತ್ತದೆ ಎಂದು ಆಚಾರ್ರು ಮಂಗಳೂರಿನಲ್ಲಿ ಹುಡುಕಿಸುತ್ತಿದ್ದಾರೆ.

ಆಚೆ ಕೇರಿಯಲ್ಲಿ ಮೀನು ಮಾರುವ ತಿಮ್ಮನ ಹೆಂಡತಿ ಗುಲ್ವಾಡಿಯ ಮೇಲೆ ಕಣ್ಣಿಟ್ಟಿದ್ದಾಳೆ. ನೂಲಹುಣ್ಣಿಮೆಯ ಮಾರನೇ ದಿನಕ್ಕೆ ಈಗಲೇ ರಿಕ್ಷಾ ಹೇಳಿಟ್ಟಿದ್ದಾಳಂತೆ. ತಪ್ಪು ಅವಳದಲ್ಲ, ಮೂರು ಮಕ್ಕಳ ತಾಯಿ. ಕಟ್ಟಳೆ ಎಲ್ಲರಿಗೂ ಒಂದೇ.

ಕಮಲ


ರೂವಿ
25-04-2003

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ನೋಡಿದರೆ ಸಿಟ್ಟು ಬಂದ ಹಾಗಿದೆ. ಬಾಯಿ ಬಿಟ್ಟು ಹೇಳದೆ ನನಗೆ ಹೇಗೆ ಗೊತ್ತಾಗಬೇಕು? ಸಿಟ್ಟು ಇಳಿಯಲು ಒಂದು ತಮಾಷೆ ಹೇಳುತ್ತೇನೆ.

ಚಂದ್ರನಿಗೆ ಊರಿನಿಂದ ಫೋನು ಬಂದಿತ್ತು. ಕೋಡಿಯ ಯಾರೋ ಹೆಂಗಸು ಕುಂದಾಪುರದ ಡ್ರೈವಿಂಗ್ ಕ್ಲಾಸಿಗೆ ಸೇರಿದ್ದಾಳಂತೆ. ಮುಖಕ್ಕೆ ಸೆರಗು ಮುಚ್ಚಿಕೊಂಡು ಕಾರು ಬಿಡುತ್ತಾಳಂತೆ, ಯಾರೆಂದು ಗುರುತು ಹತ್ತಲಿಲ್ಲವಂತೆ. ಕೋಟೇಶ್ವರದ ಹತ್ತಿರ ಅವಳನ್ನು ಕಂಡು ಎಮ್ಮೆಯೊಂದು ತಾನಾಗಿ ಬದಿಗೆ ಸರಿಯಿತಂತೆ. ನಾವು ಐದೂ ಜನ ನಕ್ಕು ನಕ್ಕು ಸುಸ್ತಾದೆವು. ಯಾರು ಅದು? ನಿನಗೆ ಗೊತ್ತಿರಬೇಕು. ಅವಳ ಗಂಡನಿಗೆ ನಮ್ಮ ರೂಮಿನಿಂದ ಒಂದು ಸಂತಾಪ ತಿಳಿಸು.

ಗಾಡಿ ಮುಗಿಯಿತೇ? ಫೋಟೋ ಕಳಿಸು. ಡ್ರೈವರ್ ಗೊತ್ತಾಗದಿದ್ದರೆ ಅವಸರ ಬೇಡ, ಆಗಸ್ಟಿನವರೆಗೆ ಹೇಗಾದರೂ ನಡೆಯಲಿ.

ಶೈಲೇಶ


ಕೋಡಿ
11-05-2003

ಶೈಲೇಶ,

ನಕ್ಕು ಸುಸ್ತಾದ ಐವರಿಗೂ ಹೇಳು, ಅದು ನಾನು. ಈ ಕಾಗದವನ್ನು ರೂಮಿಗೆ ಗಟ್ಟಿಯಾಗಿ ಓದು. ಸಾಧ್ಯವಾದರೆ ಎರಡು ಸಲ ಓದು.

ಲೈಸೆನ್ಸ್ ಮೊನ್ನೆ ಕೈಗೆ ಬಂತು. ಅದು ಬರುವ ಮೊದಲು ಊರಿಗೆ ಗೊತ್ತಾಗಿ, ಆಮೇಲೆ ನಾನು ಫೇಲಾದರೆ ಸಾಯುವವರೆಗೆ ಮೀನಿನ ಜೊತೆ ಆ ಮಾತನ್ನೂ ಮಾರಬೇಕಾಗುತ್ತದೆ. ಅದಕ್ಕೇ ನಿನಗೂ ಬರೆಯಲಿಲ್ಲ. ನಿನ್ನ ಭಾವ ಮೊದಲು ಕಲಿಯಲು ಹೋದದ್ದು ನಿಜ. ಬೋಟಿನ ಚುಕ್ಕಾಣಿ ತಿರುಗಿಸಿದರೆ ಬೋಟು ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗುತ್ತದೆ, ಕಾರಿಗೆ ಅಷ್ಟು ತಾಳ್ಮೆಯಿಲ್ಲ. ಇವರು ತಿರುವಿಗೆ ಮೊದಲೇ ಸ್ಟೇರಿಂಗ್ ತಿರುಗಿಸಿ ಕೋಡಿ ದಾರಿಯ ಗದ್ದೆಗೆ ಇಳಿಸಿದರು. ಕೆಸರು ಒರೆಸಿಕೊಂಡು ಮನೆಗೆ ಬಂದು, “ನಂಗೆ ಕಡಲೇ ಸಾಕ್. ನೀ ಕಲಿ” ಎಂದರು. ಮತ್ತೆ ಒಂದು ದಿನವೂ ಅಡ್ಡಮಾತು ಆಡಲಿಲ್ಲ. ಮಗಳು ಚಂದನಾಳಿಗೆ ಬೆಳಿಗ್ಗೆ ಜಡೆ ಹಾಕಿ ಶಾಲೆಗೆ ಕಳಿಸಿದವರೂ ಅವರೇ. ನಿಮ್ಮ ಸಂತಾಪವನ್ನು ಅವರಿಗೆ ತಿಳಿಸಿದ್ದೇನೆ.

ಆ ಎಮ್ಮೆ ಸರಿದದ್ದೂ ನಿಜ. ನಾನು ಹಾರ್ನ್ ಹೊಡೆದಿದ್ದೆ.

ಇನ್ನು ನಗು ಸಾಕು. ಗಾಡಿ ಮನೆಗೆ ಬಂದಿದೆ. ಹಸಿರು ಬಣ್ಣ ಕಣ್ಣಿಗೆ ಕಟ್ಟುತ್ತದೆ. ಬಾಗಿಲು ಕಪಾಟಿನ ಹಾಗೆ ತೆರೆಯುತ್ತದೆ, ಹಲಗೆ ಏಳುತ್ತದೆ, ಹಿಂದಿನ ಗಾಜು ಸರಿಯುತ್ತದೆ. ಕೇರಿಯ ಮಕ್ಕಳೆಲ್ಲ ಸರದಿಯಲ್ಲಿ ಒಳಗೆ ಹೊಕ್ಕು ಹೊರಗೆ ಬಂದರು. ಹಳಿ ಎಲ್ಲೂ ಸಿಗಲಿಲ್ಲ. ಮಸ್ಕತ್ತಿನ ನಕ್ಷೆ, ಕೂದಲೆಳೆಯಷ್ಟೂ ತಪ್ಪಬಾರದು ಎಂದು ಆಚಾರ್ರು ನೀನು ಬರೆದ ಜಾಗದಲ್ಲೇ ಸೀಟನ್ನು ವೆಲ್ಡ್ ಮಾಡಿಬಿಟ್ಟಿದ್ದಾರೆ. ನಾನು ದೇವರಿಗೆ ಕೈಮುಗಿದು ಹತ್ತಿ ಕೂತೆ. ಕಾಲು ಕ್ಲಚ್ಚಿಗೆ ತಾಗಲಿಲ್ಲ. ಎಲ್ಲರೂ ನೋಡುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುತ್ತಾರೆ ಎಂದು ಸೀಟಿನ ಮಾತೆತ್ತದೆ, ಬೆನ್ನಿಗೆ ಎರಡು ದಿಂಬು ಕೊಟ್ಟು ಹೇಗೋ ತಾಗಿಸಿದೆ.

ಆದರೆ ದೊಡ್ಡಮ್ಮನಿಗೆ ದಿಂಬು ಕೊಟ್ಟು ಏನು ಮಾಡಲಿ? ಅವಳು ಇಸ್ತ್ರಿ ಸೀರೆ ಉಟ್ಟು ಬಂದಿದ್ದಳು. ನಾವಿಬ್ಬರು ಹಿಡಿದು ಕೂರಿಸಿದೆವು. ಕಾಲು ಸೀಟಿನ ಬೆನ್ನಿಗೆ ಬಡಿದು ನಿಂತಿತು. ನೇರ ಆಗಲಿಲ್ಲ, ಓರೆಯಲ್ಲೂ ಆಗಲಿಲ್ಲ, ನೋವಿಗೆ ಕಣ್ಣಲ್ಲಿ ನೀರು ಬಂತು. ತಾನೇ ಇಳಿದು, ಕೋಲು ತೆಗೆದುಕೊಂಡು ಹೇಳಿದಳು, “ಹೆಣೆ, ಇದ್ ನಂಗಲ್ಲ. ಕಾಲ್ ಕಡ್ದ್ ಮನೇಲಿ ಇಟ್ಟ್ ಹೋಪುಕೆ ಆತಿಲ್ಲೆ ಅಲ್ದಾ? ಗುಲ್ವಾಡಿ ತಿಮ್ಮನ್ ಹೆಂಡ್ತಿಗೇ ಆಯ್ಲಿ.”

ಅವತ್ತಿನಿಂದ ಅವಳು ಯಾರನ್ನೂ ಬಯ್ಯುತ್ತಿಲ್ಲ.

ನನಗೆ ಸಿಟ್ಟು ಬಂದಿದೆ ಶೈಲೇಶ. ನೂಲಿನಲ್ಲಿ ತಪ್ಪಿಲ್ಲ ಎಂದು ಬರೆದಿದ್ದೆ. ನೀನು ಅದನ್ನು ಯಾಕೆ ನಂಬಲಿಲ್ಲ?

ಕಮಲ


ರೂವಿ
08-06-2003

ಅಕ್ಕ,

ಉತ್ತರ ತಡವಾಯಿತು. ಬರೆಯಲು ಕೂತದ್ದು ನಾಲ್ಕು ಸಲ, ಹರಿದದ್ದೂ ಅಷ್ಟೇ.

ನೀನು ಹೇಳಿದ ಹಾಗೆ ಗಟ್ಟಿಯಾಗಿ ಓದಿದೆ. ಯಾರೂ ನಗಲಿಲ್ಲ. ಚಂದ್ರ ತನ್ನ ಹೆಂಡತಿಗೂ ಆ ಕ್ಲಾಸಿನ ವಿಳಾಸ ಕೊಡಲು ಸಾಧ್ಯವೇ ಎಂದು ಕೇಳಿದ. ನನಗೆ ನಿನ್ನ ಬಗ್ಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ಮಾರನೇ ದಿನ ಗ್ಯಾರೇಜಿನಲ್ಲಿ ಮಲಯಾಳಿಗಳಿಗೂ ಪಾಕಿಸ್ತಾನಿಗಳಿಗೂ ಹೇಳಿಕೊಂಡು ತಿರುಗಿದೆ. ಅರ್ಬಾಬನಿಗೆ ಅರ್ಧ ಅರ್ಥವಾಗಿ, ನನಗೇ ಮದುವೆ ಗೊತ್ತಾಗಿದೆ ಎಂದು ಖರ್ಜೂರ ಹಂಚಿದ.

ನೂಲನ್ನು ಯಾಕೆ ನಂಬಲಿಲ್ಲ ಎಂದು ಕೇಳಿದೆಯಲ್ಲ. ಆ ಸೀಟನ್ನು ನಾನು ಭಾವನಿಗಾಗಿ ಅಳೆದದ್ದಲ್ಲ, ನನಗಾಗಿ ಅಳೆದದ್ದು. ಡ್ರೈವರ್ ಯಾರೆಂದು ಕೇಳಬೇಡ ಎಂದು ನೀನು ಬರೆದಾಗ ಆ ಜಾಗ ಖಾಲಿ ಇದೆ ಎಂದುಕೊಂಡೆ. ಐದು ವರ್ಷದಿಂದ ಬೇರೆಯವರ ಗಾಡಿಯ ತಗಡು ತಟ್ಟುತ್ತಿದ್ದೇನೆ. ಆಗಸ್ಟಿನಲ್ಲಿ ಊರಿಗೆ ಬಂದು, ನಾನೇ ನಕ್ಷೆ ಬರೆದ ಗಾಡಿಯಲ್ಲಿ ದೊಡ್ಡಮ್ಮನನ್ನು ಗುಲ್ವಾಡಿಗೆ ಕರೆದುಕೊಂಡು ಹೋಗಬೇಕು ಎಂದು ಆಸೆಪಟ್ಟೆ. ಕೇಳಿದರೆ ಎಲ್ಲಿ ಬೇಡ ಎನ್ನುತ್ತೀಯೋ ಎಂದು ಕೇಳಲಿಲ್ಲ. ಬಿಳಿ ನೂಲು ನನ್ನ ಕಾಲಿಗೆ ಹೊಂದಲಿಲ್ಲ, ಅದಕ್ಕೇ ಬಿಟ್ಟೆ. ಕೆಂಪು ನೂಲು ಹಿಡಿಸುವುದಿಲ್ಲ ಎಂದು ಕಣ್ಣಾರೆ ನೋಡಿಯೂ ‘ಓರೆಯಾಗಿ ಕೂತರೆ ಆದೀತು’ ಎಂದು ಬರೆದೆ. ದೊಡ್ಡಮ್ಮನ ಕಣ್ಣಲ್ಲಿ ನೀರು ಬಂದದ್ದು ನನ್ನಿಂದ. ಅದನ್ನು ಓದಿ ನಾನೂ ಅತ್ತೆ.

ಈಗ ಗಮನವಿಟ್ಟು ಓದು, ಆಚಾರ್ರಿಗೂ ಓದಿ ಹೇಳು. ನಿನ್ನೆ ಅರ್ಬಾಬನ ಗಾಡಿಯಲ್ಲಿ ನಿನ್ನ ಬಿಳಿ ನೂಲು ಹಿಡಿದು ಸೀಟನ್ನು ನಿನ್ನ ಕಾಲಿನ ಅಳತೆಗೆ ಮುಂದಕ್ಕೆ ಎಳೆದೆ. ಆಮೇಲೆ ಹಿಂದೆ ಹೋಗಿ ಕೆಂಪು ನೂಲು ಚಾಚಿದೆ. ಅಕ್ಕ, ಅದು ಪೂರ್ತಿ ಹಿಡಿಸಿತು. ಹಿಡಿಸಿ ನಾಲ್ಕು ಬೆರಳು ಉಳಿಯಿತು. ನಾನು ಒಬ್ಬನೇ ಗ್ಯಾರೇಜಿನಲ್ಲಿ ಕುಣಿದೆ. ದೊಡ್ಡಮ್ಮನ ಕಾಲಿಗೆ ಜಾಗ ಬೇಕಾದರೆ ಆ ಗಾಡಿಯನ್ನು ನಿನ್ನಷ್ಟು ಗಿಡ್ಡ ಕಾಲಿನವರೇ ಬಿಡಬೇಕು. ಭಾವ ಕೂತರೂ ಆಗದು, ನಾನು ಕೂತರೂ ಆಗದು.

ವೆಲ್ಡಿಂಗ್ ಕಡಿಸು. ಸೀಟನ್ನು ನೂಲಿನ ಅಳತೆಗೆ ಮುಂದೆ ತಂದು ಮತ್ತೆ ಗಟ್ಟಿಯಾಗಿ ವೆಲ್ಡ್ ಮಾಡಿಸು, ಹಳಿ ಬೇಡವೇ ಬೇಡ. ನೂಲು ಎರಡೂ ಈ ಲಕೋಟೆಯಲ್ಲಿವೆ. ನೂಲಹುಣ್ಣಿಮೆಗೆ ಇನ್ನೂ ಸಮಯವಿದೆ.

ಇನ್ನೆರಡು ವರ್ಷಕ್ಕೆ ಸಹಿ ಹಾಕಲು ಅರ್ಬಾಬ್ ಹೇಳುತ್ತಿದ್ದಾನೆ. ಊರಿಗೆ ಬಂದು ಮಾಡುವುದಾದರೂ ಏನು? ಹಾಕುತ್ತೇನೆ.

ಶೈಲೇಶ


ಕೋಡಿ
16-08-2003

ಪ್ರೀತಿಯ ಶೈಲೇಶನಿಗೆ,

ಸಹಿ ಹಾಕಬೇಡ. ಹಾಕಿದ್ದರೆ ಅಳಿಸು. ಯಾಕೆಂದು ಕೊನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ಹಾಳೆ ತಿರುವಬೇಡ.

ಆಚಾರ್ರು ವೆಲ್ಡಿಂಗ್ ಕಡಿಯುವಾಗ ಮಗುವಿಗೆ ಕಿವಿ ಚುಚ್ಚುವವರ ಹಾಗೆ ಮುಖ ಮಾಡಿಕೊಂಡರು. ಆದರೆ ಸೀಟು ಮುಂದೆ ಬಂದು, ಹಿಂದೆ ನೂಲು ಚಾಚಿ ನೋಡಿದವರೇ ನನ್ನ ಕಾಲನ್ನೊಮ್ಮೆ, ನೂಲನ್ನೊಮ್ಮೆ ನೋಡಿ ನಗಲು ಶುರು ಮಾಡಿದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುತ್ತಾರೆ, ನಾವು ಕಾಲು ಇದ್ದಷ್ಟು ಗಾಡಿ ಕಟ್ಟಿದೆವು. ಆರ್.ಟಿ.ಒ.ದವರೂ ನೋಡಿ ನಾಲ್ಕು ಜನರಿಗೆ ಬರೆದುಕೊಟ್ಟರು. ಮುಂದೆ ನಾನು ಮತ್ತು ಸುಗುಣ, ಹಿಂದೆ ರತ್ನ ಮತ್ತು ದೊಡ್ಡಮ್ಮ.

ದೊಡ್ಡಮ್ಮ ಮಾತ್ರ ಹತ್ತಲು ಒಪ್ಪಲಿಲ್ಲ. ಒಂದು ಸಲ ಅವಮಾನವಾದದ್ದು ಸಾಕು ಎಂದು ಹಟ ಹಿಡಿದಳು. ಸಮುದ್ರಪೂಜೆ ಮುಗಿಸಿ ಬಂದ ಸಂಜೆ ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ, ನೀನು ಅತ್ತೆ ಎಂದು ಬರೆದದ್ದನ್ನೂ ಬಿಡಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ ಕೇಳಿಸಿಕೊಂಡಳು. ಆಮೇಲೆ, ಆ ಹುಡುಗನಿಗೆ ಸಣ್ಣದರಿಂದಲೂ ಬುದ್ಧಿ ಇಲ್ಲ ಎಂದು ಬೈದಳು. ಆಗ ನನಗೆ ಜೀವ ಬಂತು.

ಮಾರನೇ ದಿನ ಮೊದಲ ಮೀನು, ಮಂಗಳೂರಿನವರು ಭೂತಾಯಿ ಎನ್ನುವ ನಮ್ಮ ಬೈಗೆ. ಬುಟ್ಟಿ ಹಿಂದೆ, ನಾವು ಒಳಗೆ, ಹೊರಗೆ ಮಳೆ. ಗಾಜು ಸರಿಸಿ ದೊಡ್ಡಮ್ಮ ತನ್ನ ಬುಟ್ಟಿಯನ್ನು ದಾರಿಯುದ್ದ ನೋಡುತ್ತಿದ್ದಳು. ಕಂಡ್ಲೂರಿನ ಅದೇ ತಿರುವಿನಲ್ಲಿ ಕ್ಲಚ್ಚಿನಿಂದ ನನ್ನ ಕಾಲು ಜಾರಿ ಗಾಡಿ ಬಂದ್ ಬಿತ್ತು. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಬಂದ್. ಅಷ್ಟರಲ್ಲಿ ತಿಮ್ಮನ ಹೆಂಡತಿಯ ರಿಕ್ಷಾ ನಮ್ಮನ್ನು ದಾಟಿ ಹೋಯಿತು. ಹಿಂದಿನಿಂದ ದೊಡ್ಡಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟಳು. “ನಾ ಬಿದ್ದಲ್ಲಿ ನೀ ನಿಂತ್ಕಬೇಡ. ಬಿಡ್ ಗಾಡಿ.” ಬಿಟ್ಟೆ ನೋಡು ಶೈಲೇಶ.

ಗುಲ್ವಾಡಿಯ ಮೊದಲ ಮನೆ ವನಮಾಲಕ್ಕನದು. ನಾವು ಮುಟ್ಟುವಾಗ ತಿಮ್ಮನ ಹೆಂಡತಿ ರಿಕ್ಷಾದಿಂದ ಬುಟ್ಟಿ ಇಳಿಸುತ್ತಿದ್ದಳು, ಇನ್ನೂ ಕೂಗಿರಲಿಲ್ಲ. ದೊಡ್ಡಮ್ಮ ಒಳಗಿನಿಂದ ಬಾಗಿಲನ್ನು ತಳ್ಳುತ್ತಾಳೆ, ಅದು ತೆರೆಯುವುದಿಲ್ಲ. ನಾನು ನನ್ನ ಬಾಗಿಲು ತೆರೆಯಬೇಕೆಂಬುದು ನನಗೇ ಮರೆತುಹೋಗಿತ್ತು. ಅವಳು ಕಾಯಲಿಲ್ಲ. ಗಾಡಿಯೊಳಗಿಂದಲೇ, ನಮ್ಮ ಮೂವರ ಕಿವಿ ಗುಂಯ್ ಎನ್ನುವ ಹಾಗೆ ಕೂಗಿದಳು, “ಹ್ವಾಯ್, ಬೈಗೆ ಬಂತ್ ಬೈಗೆ!” ಹನ್ನೊಂದು ತಿಂಗಳು ಮನೆಯಲ್ಲಿ ಕೂತ ಗಂಟಲು ಎಂದು ಯಾರೂ ಹೇಳಲಾರರು. ವನಮಾಲಕ್ಕ ಪಾತ್ರೆ ಹಿಡಿದುಕೊಂಡು ಮಳೆಯಲ್ಲೇ ಓಡಿ ಬಂದರು. ಅಷ್ಟರಲ್ಲಿ ಎರಡೂ ಬಾಗಿಲು ತೆರೆದಿದ್ದೆ. ದೊಡ್ಡಮ್ಮ ಕಾಲು ಚಾಚಿ ಕೂತು, ಸುಗುಣ ಇಳಿಸಿಕೊಟ್ಟ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು, ಇಷ್ಟು ದಿನ ಯಾರ ಕೆಟ್ಟ ಮೀನು ತಿಂದಿರಿ ಎಂದು ಅವರನ್ನೇ ಬೈದಳು. ವನಮಾಲಕ್ಕ ಅಳುತ್ತಾ ನಗುತ್ತಾ ಬೈಸಿಕೊಂಡರು. ನಾನು ಸ್ಟೇರಿಂಗಿಗೆ ಹಣೆ ಇಟ್ಟು ಅತ್ತೆ.

ತಿಮ್ಮನ ಹೆಂಡತಿ ಬುಟ್ಟಿಯನ್ನು ಮತ್ತೆ ರಿಕ್ಷಾಕ್ಕೆ ಏರಿಸಿದಳು. ಹೊರಡುವ ಮೊದಲು ನಮ್ಮ ಸಣ್ಣ ಬಾಗಿಲನ್ನು ಹಾಕಿ ನೋಡಿದಳು, ತೆಗೆದು ನೋಡಿದಳು, ಹಲಗೆಯ ಮೇಲೆ ಕೈಯಾಡಿಸಿದಳು. ನಿನ್ನೆ ಅವಳೇ ನಮ್ಮ ಮನೆಗೆ ಬಂದಿದ್ದಳು. ಅವಳ ಕೇರಿಯ ಹೆಂಗಸರೂ ಸೇರಿ ಇಂಥದೇ ಒಂದು ಗಾಡಿ ಮಾಡಿಸುತ್ತಾರಂತೆ. ಅವರ ಪೈಕಿ ಕಾಲು ಮಡಚದವರು ಯಾರೂ ಇಲ್ಲ, ಸೀಟು ಎಷ್ಟು ಹಿಂದೆ ಇದ್ದರೂ ನಡೆಯುತ್ತದೆ. ಆಚಾರ್ರು ನಕ್ಷೆ ಬರೆದವನನ್ನೇ ಕರೆಸಿ ಎಂದು ಕೂತಿದ್ದಾರೆ. ಆ ಗಾಡಿಗೆ ಡ್ರೈವರ್ ಇನ್ನೂ ಗೊತ್ತಾಗಿಲ್ಲ. ನೀನು ನನ್ನನ್ನು ಕೇಳದೆ ಸುಮ್ಮನಿದ್ದೆ, ನಾನು ನಿನಗೆ ಹೇಳದೆ ಸುಮ್ಮನಿದ್ದೆ. ಇನ್ನು ಹಾಗೆ ಬೇಡ, ನೇರವಾಗಿ ಹೇಳುತ್ತೇನೆ. ಆ ಸೀಟಿನಲ್ಲಿ ನೀನು ಕೂರಬೇಕೆಂದು ನನಗೆ ಆಸೆ, ದೊಡ್ಡಮ್ಮನಿಗೂ ಆಸೆ.

ಆದರೆ ರತ್ನ ಹದಿನೈದು ದಿನದಿಂದ ಕುಂದಾಪುರದ ಕ್ಲಾಸಿಗೆ ಹೋಗುತ್ತಿದ್ದಾಳೆ. ನನಗಿಂತ ಚುರುಕಾಗಿ ಕಲಿಯುತ್ತಾಳಂತೆ, ತಿಮ್ಮನ ಹೆಂಡತಿ ಅವಳನ್ನೂ ಡ್ರೈವರಾಗಲು ಕೇಳಿಯಾಗಿದೆ. ಬರುವುದಿದ್ದರೆ ಬೇಗ ಬಾ.

ಕಮಲ